ಕೂರಿಸದೆ ತೆಗೆದ ಅಳತೆ

ದರ್ಜಿ ಮಾಸ್ತರ ಸಿಟ್ಟು ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆದರೆ ಸುಮ್ಮಸುಮ್ಮನೆ ಬರುವ ಸಿಟ್ಟಲ್ಲ. ಬಂದಾಗೆಲ್ಲ ಅದಕ್ಕೊಂದು ಕಾರಣ ಇರುತ್ತಿತ್ತು, ಹತ್ತರಲ್ಲಿ ಒಂಬತ್ತು ಸಲ ಆ ಕಾರಣ ಅಳತೆಯೇ ಆಗಿರುತ್ತಿತ್ತು. ರೆಡಿಮೇಡ್ ಪ್ಯಾಂಟು ತಂದು "ಸೊಂಟ ಸ್ವಲ್ಪ ಬಿಡಿ ಮಾಸ್ಟ್ರೇ" ಎಂದವರಿಗೆ ಅವರು ಬೈಯುತ್ತಿದ್ದ ಬೈಗುಳ ನಿಜವಾಗಿ ಸೇರಬೇಕಾದದ್ದು ಆ ಪ್ಯಾಂಟನ್ನು ಕತ್ತರಿಸಿದವನಿಗೆ. ಅವನು ಕೈಗೆ ಸಿಗುತ್ತಿರಲಿಲ್ಲ, ಹಾಗಾಗಿ ತಂದವರು ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಉಳಿದ ದರ್ಜಿಗಳು ಗಿರಾಕಿಯನ್ನು ನಿಲ್ಲಿಸಿ, ಟೇಪು ಸುತ್ತಿ, ಪುಸ್ತಕದಲ್ಲಿ ಬರೆದು ಕಳಿಸಿಬಿಡುತ್ತಾರೆ. ಇವರು ಹಾಗಲ್ಲ. ನಿಂತ ಅಳತೆ ಮುಗಿದ ಮೇಲೆ ಒಂದು ಮರದ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿ "ಕೂತ್ಕೊಳ್ಳಿ" ಎನ್ನುತ್ತಿದ್ದರು. ಕೂತ ಮೇಲೆ ಮತ್ತೊಮ್ಮೆ ಸೊಂಟ, ಮತ್ತೊಮ್ಮೆ ತೊಡೆ. ಆಮೇಲೆ "ಬಗ್ಗಿ, ಬೂಟಿನ ದಾರ ಕಟ್ಟೋ ಹಾಗೆ." ಹೊಸಬರು ನಗುತ್ತಿದ್ದರು.

"ಪ್ಯಾಂಟ್ ಹೊಲಿಯೋಕೆ ಕೂರೋದ್ಯಾಕೆ ಮಾಸ್ಟ್ರೇ?"

"ನೀವೇನು ದಿನವಿಡೀ ನಿಂತೇ ಇರ್ತೀರೇನ್ರಿ? ಕುದುರೇನಾ ನೀವು?"

ಬೀದಿಯವರು ಅವರಿಗೆ 'ಕೂತ್ಕೊಳ್ಳಿ ಮಾಸ್ಟ್ರು' ಎಂದೇ ಹೆಸರಿಟ್ಟಿದ್ದರು. ಪಕ್ಕದ ಅಂಗಡಿಯ ಇಸ್ತ್ರಿಯವನಂತೂ ಅವರೆದುರೇ ಆ ಹೆಸರು ಕರೆಯುತ್ತಿದ್ದ. ಮಾಸ್ತರಿಗೆ ಅದರಿಂದ ಬೇಜಾರಿಲ್ಲ. ತಮ್ಮ ಕೈಯಲ್ಲಿ ಹೊಲಿಸಿಕೊಂಡವರ ಪ್ಯಾಂಟು ಕೂತಾಗ ಹಿಸಿಯುವುದಿಲ್ಲ, ಹೊಟ್ಟೆ ಕಚ್ಚುವುದಿಲ್ಲ ಎಂಬುದು ಅವರ ಜಂಬ.

ಅಂಗಡಿಯಲ್ಲಿ ಇನ್ನೊಂದು ಜೊತೆ ಕೈ ಇತ್ತು, ಮಾಸ್ತರ ಹೆಂಡತಿಯದು. ಬಾಗಿಲಿನ ಬೆಳಕು ಬೀಳುವ ಮೂಲೆಯಲ್ಲಿ ಕುಳಿತು ಗುಂಡಿ ತೂರುವ ತೂತು ಕತ್ತರಿಸಿ ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಆಕೆಯ ಕೆಲಸ. ಮೂವತ್ತು ವರ್ಷದಲ್ಲಿ ಆಕೆ ಕತ್ತರಿಸಿದ ಒಂದೇ ಒಂದು ಕಾಜಾ ಒಂದೆಳೆ ಹೆಚ್ಚಾಗಿದ್ದಿಲ್ಲ, ಒಂದೆಳೆ ಕಡಿಮೆಯಾಗಿದ್ದಿಲ್ಲ. ಮಾಸ್ತರು ಇದನ್ನು ಗಿರಾಕಿಗಳ ಮುಂದೆ ಹೊಗಳುತ್ತಿದ್ದರು, ಆಕೆಯ ಮುಂದೆ ಯಾವತ್ತೂ ಹೊಗಳಿದವರಲ್ಲ.

ಐವತ್ತೆಂಟನೆಯ ವಯಸ್ಸಿನಲ್ಲಿ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. "ಕೂತು ಕೆಲಸ ಮಾಡೋರಿಗೆಲ್ಲ ಬರೋ ಮೂಲವ್ಯಾಧಿ" ಎಂದು ತಮಗೆ ತಾವೇ ವೈದ್ಯರಾಗಿ ಒಂದು ವರ್ಷ ತಳ್ಳಿದರು. ಹೆಂಡತಿ ಹೇಳಿ ಹೇಳಿ ಸೋತು, ಕೊನೆಗೆ ಒಂದು ಬೆಳಿಗ್ಗೆ ಅಂಗಡಿಯ ಬೀಗದ ಕೈ ತೆಗೆದುಕೊಂಡು ಆಟೋದಲ್ಲಿ ಹತ್ತಿ ಕೂತುಬಿಟ್ಟಳು. ಬೀಗದ ಕೈ ಬೇಕೆಂದರೆ ಮಾಸ್ತರೂ ಹತ್ತಲೇಬೇಕು. ಆಟೋ ಹೋಗಿ ನಿಂತದ್ದು ದೊಡ್ಡಾಸ್ಪತ್ರೆಯ ಮುಂದೆ.

ಗಡ್ಡೆ ಇತ್ತು. ಗುದದ್ವಾರಕ್ಕೆ ತೀರ ಹತ್ತಿರದಲ್ಲಿತ್ತು. ಸರ್ಜನ್ ಮಾತಿನಲ್ಲಿ ಜಿಪುಣ. ಕೆಳಗಿನ ದಾರಿಯನ್ನು ಪೂರ್ತಿ ತೆಗೆದು ಮುಚ್ಚಬೇಕು, ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಹೊಲಿಯಬೇಕು, ಮಲ ಅಲ್ಲಿಂದ ಒಂದು ಚೀಲಕ್ಕೆ ಬರುತ್ತದೆ, ಇದು ಜೀವನಪೂರ್ತಿ ಎಂದು ಒಂದೇ ಉಸಿರಿನಲ್ಲಿ ಹೇಳಿ, "ಅಭ್ಯಾಸ ಆಗತ್ತೆ" ಎಂದು ಎದ್ದುಹೋದರು. ಮಾಸ್ತರು ಕೇಳಬೇಕೆಂದಿದ್ದ ಪ್ರಶ್ನೆ ಬಾಯಲ್ಲೇ ಉಳಿಯಿತು. ಅವರ ಪ್ರಶ್ನೆ ಒಂದೇ ಆಗಿತ್ತು. ಮತ್ತೆ ಮಷೀನಿನ ಮುಂದೆ ಕೂರಬಹುದಾ?

ಆಪರೇಷನ್ನಿಗೆ ಮೊದಲು ಎರಡು ದಿನ ವಾರ್ಡಿನಲ್ಲಿ ಮಲಗಿಸಿದ್ದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ಹಲ್ಲು ಅಲ್ಲಾಡುತ್ತದೆಯೇ ಎಂದೂ ಕೇಳಿದರು. ಯಾರೂ ಅವರನ್ನು ಎಬ್ಬಿಸಿ ಕೂರಿಸಲಿಲ್ಲ. ಯಾಕೆ ಕೂರಿಸಬೇಕಿತ್ತು ಎಂಬುದು ಮಾಸ್ತರಿಗೂ ಆಗ ಗೊತ್ತಿರಲಿಲ್ಲ.

ಜೀವ ಉಳಿಯಿತು. ಅದರಲ್ಲಿ ಎರಡು ಮಾತಿಲ್ಲ. ಗಡ್ಡೆ ಪೂರ್ತಿ ಹೋಗಿದೆ, ಬೇರೆಲ್ಲೂ ಹರಡಿಲ್ಲ ಎಂದು ಕಾಗದ ಬಂತು. ಆದರೆ ಹೊಟ್ಟೆಯ ಎಡಭಾಗದಲ್ಲಿ, ಕೆಳಗೆ, ಒಂದು ಹೊಸ ಬಾಯಿ ಬಂದು ಕೂತಿತ್ತು. ಸ್ಟೋಮಾ ಎನ್ನುತ್ತಿದ್ದರು ಆಸ್ಪತ್ರೆಯವರು. ಕೆಂಪಗೆ, ತೇವವಾಗಿ, ತುಟಿಯ ಒಳಭಾಗವನ್ನು ಹೊರಕ್ಕೆ ಮಡಚಿದಂತೆ. ಮುಟ್ಟಿದರೆ ನೋವಿಲ್ಲ. ಹಿಡಿದಿಟ್ಟುಕೊಳ್ಳುವ ಮಾಂಸ ಅಲ್ಲಿಲ್ಲವಾದ್ದರಿಂದ ಬೇಕೆಂದಾಗ ತಡೆಯಲೂ ಆಗದು; ಬರುವುದು ಬಂದೇ ಬರುತ್ತದೆ, ಸದ್ದು ಮಾಡಿಕೊಂಡೂ ಬರುತ್ತದೆ. ಹೆಂಡತಿ ಅದನ್ನು ಮೊದಲ ದಿನವೇ ಬಗ್ಗಿ ನೋಡಿದಳು. ಮಾಸ್ತರು ನೋಡಲಿಲ್ಲ. ಆಕೆ ಚೀಲ ಬದಲಿಸುವಾಗಲೆಲ್ಲ ಮುಖವನ್ನು ಗೋಡೆಗೆ ತಿರುಗಿಸಿಕೊಂಡು "ಆಯ್ತಾ? ಆಯ್ತಾ?" ಎನ್ನುತ್ತಿದ್ದರು. ಊರಿನವರ ಹೊಟ್ಟೆಯನ್ನೆಲ್ಲ ಅಳೆದ ಮನುಷ್ಯ ತನ್ನ ಹೊಟ್ಟೆಯ ಕಡೆ ತಿಂಗಳುಗಟ್ಟಲೆ ಕಣ್ಣೆತ್ತಿ ನೋಡಲಿಲ್ಲ.

ಚೀಲ ಹಾಕುವ ಕೆಲಸ ಕಲಿತವಳು ಆಕೆ. ಬಿಡುಗಡೆಯ ದಿನ ಒಬ್ಬ ನರ್ಸು ಅವಸರದಲ್ಲಿ ಒಮ್ಮೆ ಮಾಡಿ ತೋರಿಸಿದ್ದಳು, ಅಷ್ಟೇ. ಚೀಲವನ್ನು ಹಿಡಿದಿಡಲು ಚರ್ಮಕ್ಕೆ ಅಂಟಿಕೊಳ್ಳುವ ಮೇಣದಂಥ ಬಿಲ್ಲೆ ಇರುತ್ತದೆ. ಅದರ ನಡುವೆ ಆ ಬಾಯಿಯಷ್ಟೇ ಅಗಲದ ತೂತು ಕತ್ತರಿಸಬೇಕು. ದೊಡ್ಡದಾದರೆ ಸುತ್ತಲ ಚರ್ಮಕ್ಕೆ ಮಲ ತಾಗಿ ಸುಡುತ್ತದೆ, ಚಿಕ್ಕದಾದರೆ ಬಾಯಿಗೇ ಒತ್ತುತ್ತದೆ. ಬರೀ ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಬಿಲ್ಲೆ ಇಟ್ಟು, ಅಂಟು ಹಿಡಿಯುವವರೆಗೆ ಅಂಗೈ ಬಿಸಿ ಕೊಡಬೇಕು. ಹೆಂಡತಿ ತನ್ನ ಕಾಜಾ ಕತ್ತರಿಯನ್ನೇ ಬಳಸಿದಳು. ಆಕೆ ಕತ್ತರಿಸಿದ ತೂತನ್ನು ಯಾವ ಕಂಪನಿಯ ಮಷೀನೂ ಅಷ್ಟು ಗುಂಡಗೆ ಕತ್ತರಿಸಲಾರದು.

ಮಲಗಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಒಂದು ಬಿಲ್ಲೆ ಮೂರು ನಾಲ್ಕು ದಿನ ಅಲ್ಲಾಡದೆ ನಿಲ್ಲುತ್ತಿತ್ತು. ಕೆಳಗಿನ ಗಾಯವೂ ಮಾಯಿತು. ಎರಡು ತಿಂಗಳ ಮೇಲೆ ಮಾಸ್ತರು ಅಂಗಡಿಗೆ ಬಂದು, ಮಷೀನಿಗೆ ಎಣ್ಣೆ ಬಿಟ್ಟು, ಹೆಂಡತಿಯ ಕಡೆ ತಿರುಗಿ ನೋಡಿ ಕೂತರು. ಇಸ್ತ್ರಿಯವನು "ಬಂದ್ರಾ, ಬೀದಿಗೆ ಬೈಗುಳ ಇಲ್ದೆ ಬೇಜಾರಾಗಿತ್ತು" ಎಂದು ಕೈ ಎತ್ತಿದ. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಹೊಟ್ಟೆಯ ಹತ್ತಿರ ಏನೋ ಬೆಚ್ಚಗಾಯಿತು. ನೋಡಿದರೆ ಶರ್ಟು ಒದ್ದೆ. ಬಿಲ್ಲೆಯ ಕೆಳಗಿನ ಅಂಚು ಬಿಟ್ಟುಕೊಂಡಿತ್ತು.

ಮರುದಿನವೂ ಹಾಗೇ ಆಯಿತು. ಮೂರನೆಯ ದಿನವೂ ಅಷ್ಟೇ. ನಿಂತು ಬಟ್ಟೆ ಕತ್ತರಿಸುವಾಗ ಏನೂ ಆಗುತ್ತಿರಲಿಲ್ಲ. ಮಷೀನಿಗೆ ಕೂತು ಬಗ್ಗಿದರೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಚರ್ಮ ಕೆಂಪಾಗಿ, ಸಿಪ್ಪೆ ಸುಲಿದು, ಶರ್ಟು ತಾಗಿದರೂ ಕಿರುಚುವಂತಾಯಿತು. ಸುಲಿದ ಚರ್ಮಕ್ಕೆ ಬಿಲ್ಲೆ ಇನ್ನೂ ಅಂಟದು. ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರು, ಶಾಲೆಯ ಗುಮಾಸ್ತರು, ಕೋಟಿಗೆಂದು ತಂದ ಬಟ್ಟೆಯ ಪೊಟ್ಟಣ ಬಿಚ್ಚುತ್ತಿದ್ದವರು ಇದ್ದಕ್ಕಿದ್ದಂತೆ ಎರಡು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ತೆಗೆದರು. ಮಾಸ್ತರಿಗೆ ಪಿತ್ತ ನೆತ್ತಿಗೇರಿತು.

"ಏನ್ರಿ ಮೂಗು ಮುಚ್ಕೋತೀರಿ? ನಿಮ್ಮ ಹೊಟ್ಟೇಲಿ ಏನು, ಅತ್ತರು ಇದ್ಯಾ?"

ಬಟ್ಟೆಯನ್ನು ಅವರ ಕೈಗೇ ತುರುಕಿ, ಶಟರನ್ನು ಅರ್ಧಕ್ಕೆ ಎಳೆದರು. ಗುಮಾಸ್ತರು ಬೀದಿಯಲ್ಲಿ ನಿಂತು ಕ್ಷಮೆ ಕೇಳುತ್ತಲೇ ಇದ್ದರು, ಪಾಪ. ಅಂದಿನಿಂದ ಅಂಗಡಿಯ ಶಟರು ಪೂರ್ತಿ ಮೇಲೆ ಹೋಗಲಿಲ್ಲ.

ಹೊರಗಿನವರಿಗೆ ಶಟರು ಎಳೆಯಬಹುದು. ಸಿಟ್ಟಿಗೆ ಒಳಗೊಬ್ಬರು ಬೇಕಲ್ಲ? ಒಳಗೆ ಇದ್ದವಳು ಹೆಂಡತಿ.

"ಮೂವತ್ತು ವರ್ಷ ಕಾಜಾ ಹೊಲ್ದೆ. ಒಂದು ತೂತು ನೆಟ್ಟಗೆ ಕತ್ತರಿಸೋಕೆ ಬರಲ್ವಾ ನಿಂಗೆ?"

"ಅಳೆದೇ ಕತ್ತರಿಸಿದೀನಿ ರೀ."

"ಅಳೆದಿದ್ರೆ ಯಾಕೆ ಸೋರತ್ತೆ? ಅಂಟಿಸೋವಾಗ ಮನಸ್ಸು ಎಲ್ಲಿಟ್ಟಿರ್ತೀಯ? ಅಸಹ್ಯ ಆಗಿದ್ರೆ ಹೇಳ್ಬಿಡು, ಬೇರೆ ಯಾರನ್ನಾದ್ರೂ ಇಡೋಣ!"

ಆ ಕೊನೆಯ ಮಾತು ಆಕೆಗೆ ಎಲ್ಲಿ ಹೋಗಿ ನಾಟಿತೋ. ಬಿಸಿನೀರು ತಂದಳು, ತೊಳೆದಳು, ಹೊಸ ಬಿಲ್ಲೆ ಕತ್ತರಿಸಿದಳು. ಕತ್ತರಿಸಿದ್ದನ್ನು ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ, ಮೂರು ಸಲ ನೋಡಿದಳು. ಅಂಗೈ ಇಟ್ಟು ಹತ್ತು ನಿಮಿಷ ಕೂತಳು. ಮಾಸ್ತರು ಗೋಡೆ ನೋಡುತ್ತಾ ಬೈಯುತ್ತಲೇ ಇದ್ದರು. ಒಂದು ದಿನದ ಮಾತಲ್ಲ ಇದು. ವಾರಕ್ಕೆ ನಾಲ್ಕೈದು ದಿನ ಇದೇ. ಇಸ್ತ್ರಿಯವನು ಮೊದಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ, ಆಮೇಲೆ ಬೈಗುಳ ಶುರುವಾದರೆ ರೇಡಿಯೋ ದೊಡ್ಡದು ಮಾಡಲು ಕಲಿತ.

ಆಸ್ಪತ್ರೆಗೆ ಹೋಗಲಿಲ್ಲವೇ ಎಂದರೆ, ಹೋದರು. ಒಂದಲ್ಲ, ನಾಲ್ಕು ಸಲ. ಪ್ರತಿ ಸಲವೂ ಒಬ್ಬ ಚಿಕ್ಕ ಡಾಕ್ಟರು "ಮಲ್ಕೊಳ್ಳಿ" ಎಂದು ಮಂಚದ ಮೇಲೆ ಮಲಗಿಸಿ, ಶರ್ಟು ಎತ್ತಿ, "ಸ್ಟೋಮಾ ಚೆನ್ನಾಗಿದೆಯಲ್ಲ, ಬಣ್ಣ ಚೆನ್ನಾಗಿದೆ" ಎನ್ನುತ್ತಿದ್ದರು. ಮಲಗಿದಾಗ ಎಲ್ಲವೂ ಚೆನ್ನಾಗಿಯೇ ಇರುತ್ತಿತ್ತು. ಆಮೇಲೆ ಕೇಳುವ ಪ್ರಶ್ನೆಯೂ ಒಂದೇ. "ಮನೇಲಿ ಯಾರು ಅಂಟಿಸ್ತಾರೆ?" ಹೆಂಡತಿ ಕೈ ಎತ್ತಿದರೆ, "ಇನ್ನೂ ಸ್ವಲ್ಪ ಗಮನ ಇಟ್ಟು ಮಾಡ್ಬೇಕಮ್ಮ." ಅಲ್ಲಿಂದ ಮನೆಯವರೆಗೆ ಆಟೋದಲ್ಲಿ ಮಾಸ್ತರು ಅದನ್ನೇ ಹೇಳುತ್ತಿದ್ದರು. ಡಾಕ್ಟ್ರೇ ಹೇಳಿದ್ರು ನೋಡು. ಡಾಕ್ಟ್ರೇ ಹೇಳಿದ್ರು.

ಆಪರೇಷನ್ ಆಗಿ ಒಂಬತ್ತನೆಯ ತಿಂಗಳು. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತು. ಹೆಂಡತಿ ದಾರ ತರಲು ಹೋಗಿದ್ದಾಗ ಮತ್ತೆ ಸೋರಿತು. ಬೇರೆ ದಾರಿ ಇಲ್ಲದೆ ಮಾಸ್ತರು ನೀರು, ಬಟ್ಟೆ ಹಿಡಿದು ಟ್ರಯಲ್ ರೂಮಿಗೆ ಹೊಕ್ಕರು. ಪರದೆ ಎಳೆದು, ಶರ್ಟು ಬಿಚ್ಚಿ, ಕಣ್ಣು ಅರ್ಧ ಮುಚ್ಚಿಕೊಂಡೇ ಹೇಗೋ ಒರೆಸಿದರು. ದಣಿವಾಗಿ ಅಲ್ಲಿದ್ದ ಪುಟ್ಟ ಬೆಂಚಿನ ಮೇಲೆ ಕೂತರು. ಎದುರಿಗೆ ಕನ್ನಡಿ, ಎಡಕ್ಕೆ ಕನ್ನಡಿ, ಬಲಕ್ಕೆ ಕನ್ನಡಿ. ಎಲ್ಲಿ ಅಂತ ಮುಖ ತಿರುಗಿಸುವುದು?

ನೋಡಿದರು. ಸಂಕಟವಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ. ಕಣ್ಣು ಮೂವತ್ತೈದು ವರ್ಷದ ಅಭ್ಯಾಸಕ್ಕೆ ತಾನಾಗಿ ಅಳತೆಗೆ ಇಳಿಯಿತು. ಕೂತಾಗ ಹೊಟ್ಟೆ ಮಡಚಿಕೊಂಡು ಒಂದು ಆಳವಾದ ನಿರಿಗೆ ಬೀಳುತ್ತಿತ್ತು. ಆ ಕೆಂಪು ಬಾಯಿ ಸರಿಯಾಗಿ ಆ ನಿರಿಗೆಯೊಳಗೆ ಹೂತುಹೋಗಿತ್ತು. ಎದ್ದು ನಿಂತರು. ನಿರಿಗೆ ಮಾಯ. ಬಾಯಿ ಸಮತಟ್ಟು ಜಾಗದಲ್ಲಿ ಚೆಂದವಾಗಿ ಕೂತಿತ್ತು, ಆದರೆ ನೇರ ಬೆಲ್ಟು ಕಟ್ಟುವ ಸಾಲಿನಲ್ಲಿ. ಮತ್ತೆ ಕೂತರು. ಮತ್ತೆ ನಿರಿಗೆ ಅದನ್ನು ನುಂಗಿತು. ಮೇಣದ ಬಿಲ್ಲೆಯಲ್ಲ, ಮೊಳೆ ಹೊಡೆದು ಕೂರಿಸಿದರೂ ಅಲ್ಲಿ ನಿಲ್ಲುವಂತಿರಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ನಿರಿಗೆಯಿಂದ ಮೇಲಕ್ಕೆ ಅಳೆದರು. ಮೂರು ಬೆರಳು ಮೇಲಿದ್ದರೆ ಸಾಕಾಗಿತ್ತು, ಮಡಿಕೆ ಇಲ್ಲ, ಬೆಲ್ಟಿಲ್ಲ, ಕಣ್ಣಿಗೂ ಕಾಣುತ್ತಿತ್ತು.

ಹೆಂಡತಿ ದಾರದ ಪೊಟ್ಟಣ ಹಿಡಿದು ಬಂದಾಗ ಮಾಸ್ತರು ಪರದೆ ಸರಿಸಿ, ಬರೀ ಮೈಯಲ್ಲಿ ನಿಂತು ಕೂಗುತ್ತಿದ್ದರು.

"ಕಟಿಂಗೇ ತಪ್ಪು ಕಣೇ! ಆ ಬಡ್ಡೀಮಗ ಮಲಗಿಸಿ ಅಳತೆ ತಗೊಂಡಿದಾನೆ! ಕೂರಿಸೇ ಇಲ್ಲ ನನ್ನ! ಮನುಷ್ಯನ್ನ ಕೂರಿಸಿ ನೋಡ್ದೆ ಕತ್ತರಿ ಹಾಕಿದಾನೆ!"

ಆಕೆ ಪೊಟ್ಟಣ ಕೆಳಗಿಟ್ಟು ಹತ್ತಿರ ಬಂದಳು. ಅವರನ್ನು ಕೂರಿಸಿ ನೋಡಿದಳು, ನಿಲ್ಲಿಸಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ತನ್ನ ಮೂಲೆಗೆ ಹೋಗಿ ಸೂಜಿಗೆ ದಾರ ಪೋಣಿಸತೊಡಗಿದಳು. ಮಾಸ್ತರು ಸರ್ಜನ್ನಿನ ಏಳು ತಲೆಮಾರನ್ನು ಬೈಯುವ ಭರದಲ್ಲಿ ಆ ಕಡೆ ತಿರುಗಿ ನೋಡಲೇ ಇಲ್ಲ.

ಮರುದಿನವೇ ಆಸ್ಪತ್ರೆ. ಈ ಸಲ ಚಿಕ್ಕ ಡಾಕ್ಟರ ಹತ್ತಿರ ಹೋಗಲೊಪ್ಪದೆ, ಸರ್ಜನ್ನರ ಬಾಗಿಲಲ್ಲೇ ಎರಡು ಗಂಟೆ ನಿಂತು, ಒಳಗೆ ಹೋದರು.

"ಮಲ್ಕೊಳ್ಳಿ" ಎಂದರು ಸರ್ಜನ್, ಕಡತದಿಂದ ತಲೆ ಎತ್ತದೆ.

"ಮಲಗಲ್ಲ."

ಸರ್ಜನ್ ತಲೆ ಎತ್ತಿದರು. ಮಾಸ್ತರು ಅಲ್ಲಿದ್ದ ಕುರ್ಚಿಯ ಮೇಲೆ ಕೂತು, ಶರ್ಟು ಎತ್ತಿ, ಮಷೀನಿಗೆ ಬಗ್ಗುವಂತೆ ಬಗ್ಗಿದರು.

"ಈಗ ನೋಡಿ. ಎಲ್ಲಿದೆ ನೀವು ಇಟ್ಟ ಬಾಯಿ? ಕಾಣ್ತಾ ಇದ್ಯಾ?"

ಕಾಣುತ್ತಿರಲಿಲ್ಲ. ಸರ್ಜನ್ "ನಿಮ್ಮ ಜೀವ ಉಳಿಸಿದೀವಿ, ಅದು ನೆನಪಿರ್ಲಿ" ಎಂದರು.

"ನೆನಪಿದೆ ಸ್ವಾಮಿ, ದಿನಾ ಕೈ ಮುಗೀತೀನಿ ಅದಕ್ಕೆ. ಆದ್ರೆ ಉಳಿಸಿದ ಜೀವ ಕೂತ್ಕೊಂಡು ದುಡೀಬೇಕಲ್ಲ? ನಾನು ದರ್ಜಿ. ಮಲಗಿಕೊಂಡು ಹೊಲೀಲಾ? ಒಂದು ಪ್ಯಾಂಟಿಗೆ ನಾನು ಗಿರಾಕಿನ ಕೂರಿಸಿ ನೋಡ್ತೀನಿ. ಮನುಷ್ಯನ ಹೊಟ್ಟೆ ಕತ್ತರಿಸೋಕೆ ಮುಂಚೆ ನಿಮಗೆ ಅಷ್ಟೂ ಪುರುಸೊತ್ತಿರಲಿಲ್ವಾ?"

ಮೂಲೆಯಲ್ಲಿ ಒಬ್ಬ ಸಿಸ್ಟರ್ ನಿಂತಿದ್ದಳು. ಚೀಲದವರನ್ನು ನೋಡಿಕೊಳ್ಳುವ ಕೆಲಸಕ್ಕೆಂದೇ ಹೊಸದಾಗಿ ಬಂದವಳು. ಆಕೆ ಕಡತದ ಹಾಳೆ ತಿರುವಿ, ಮೆಲ್ಲಗೆ, "ಸರ್, ಆಪರೇಷನ್ನಿಗೆ ಮುಂಚೆ ಗುರುತು ಹಾಕಿದ ಬಗ್ಗೆ ಇದ್ರಲ್ಲಿ ಏನೂ ಬರೆದಿಲ್ಲ" ಎಂದಳು. ಸರ್ಜನ್ ಆಕೆಯನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಕಡತ ಮುಚ್ಚಿಬಿಡುತ್ತಿದ್ದರು. ಆಕೆ ಮುಚ್ಚಲಿಲ್ಲ. ಮಾಸ್ತರ ಕಡೆ ತಿರುಗಿ, ಬಾಯಿ ಎಲ್ಲಿ ಬರಬೇಕು ಎಂಬುದನ್ನು ಮೊದಲೇ ಚರ್ಮದ ಮೇಲೆ ಪೆನ್ನಿನಿಂದ ಗುರುತು ಮಾಡುವ ಕ್ರಮವಿದೆ, ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ, ಮಡಿಕೆ, ಬೆಲ್ಟು, ಹಳೆಯ ಗಾಯ ಎಲ್ಲ ತಪ್ಪಿಸಿ ಗುರುತು ಹಾಕುತ್ತಾರೆ ಎಂದು ಬಿಡಿಸಿ ಹೇಳಿದಳು.

ಹಾಗಾದರೆ ಕ್ರಮ ಇತ್ತು! ಗೊತ್ತಿಲ್ಲದೆ ಆದದ್ದಲ್ಲ, ಗೊತ್ತಿದ್ದೂ ಮಾಡದೆ ಬಿಟ್ಟದ್ದು. ಮಾಸ್ತರ ಮೈಯೆಲ್ಲ ಉರಿಯಿತು.

"ತಪ್ಪಾಯ್ತು ಅನ್ನಿ" ಎಂದರು.

"ನೋಡಿ, ಇಂಥಾದ್ದು ಒಮ್ಮೊಮ್ಮೆ..."

"ಒಮ್ಮೊಮ್ಮೆ ಕತೆ ಬೇಡ ನಂಗೆ. ತಪ್ಪಾಯ್ತು ಅನ್ನಿ."

ಸರ್ಜನ್ ಅನ್ನಲಿಲ್ಲ. ಅಂದು ಅನ್ನಲಿಲ್ಲ, ಮುಂದಿನ ವಾರವೂ ಅನ್ನಲಿಲ್ಲ. ಜಾಗ ಬದಲಿಸುವ ಆಪರೇಷನ್ ಮಾಡಬಹುದು, ಅಪಾಯ ಇಲ್ಲದಿಲ್ಲ, ಒಳಗೆ ಹಳೆಯ ಹೊಲಿಗೆಗೆ ಕರುಳು ಅಂಟಿಕೊಂಡಿರುತ್ತದೆ, ಯೋಚಿಸಿ ಹೇಳಿ ಎಂದರು. ಮಾಸ್ತರಿಗೆ ಯೋಚಿಸಲು ಏನೂ ಇರಲಿಲ್ಲ. ಹೆಂಡತಿ ಮಾತ್ರ, "ಇನ್ನೊಂದ್ಸಲ ಹೊಟ್ಟೆ ಕೊಯ್ಸಿಕೊಳ್ತೀರಾ?" ಎಂದು ಕೇಳಿದಳು. "ಕೂರೋಕೆ ಆಗ್ದಿದ್ರೆ ಬದುಕಿ ಏನು ಮಾಡ್ಲಿ?" ಎಂದರು ಇವರು.

ಆ ಎರಡನೆಯ ಆಪರೇಷನ್ ಚೆನ್ನಾಗಿಯೇ ಆಯಿತು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಈಗ ಮಾಸ್ತರು ಬೆಳಿಗ್ಗೆ ಮಷೀನಿಗೆ ಕೂತರೆ ಊಟದ ಹೊತ್ತಿಗೇ ಏಳುವುದು. ಬಿಲ್ಲೆ ನಾಲ್ಕು ದಿನ ನಿಲ್ಲುತ್ತದೆ. ಗಿರಾಕಿಗಳಲ್ಲಿ ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಇಲ್ಲ. ಆದರೆ ಹೇಳಬೇಕಾದ ಸಂಗತಿ ನಡೆದದ್ದು ಅದರ ಹಿಂದಿನ ದಿನ, ವಾರ್ಡಿನಲ್ಲಿ.

ಎಂಟು ಹಾಸಿಗೆಯ ವಾರ್ಡು. ಮಧ್ಯಾಹ್ನ ಮೂರು ಗಂಟೆ. ಸಿಸ್ಟರ್ ಪರದೆ ಎಳೆಯಲು ಬಂದರೆ ಮಾಸ್ತರು ಬೇಡವೆಂದರು, "ಎಲ್ರೂ ನೋಡ್ಲಿ" ಎಂದರು. ಸಿಸ್ಟರ್ ಪೆನ್ನು ತೆಗೆದಳು. ಮಾಸ್ತರು ಗೋಡೆಯ ಗಡಿಯಾರ ನೋಡಿಕೊಂಡರು. ಮೊದಲು ಮಲಗಿಸಿ ಹೊಟ್ಟೆಯ ಸ್ನಾಯು ಎಲ್ಲಿದೆ ಎಂದು ಒತ್ತಿ ನೋಡಿ ಒಂದು ಚುಕ್ಕೆ. ಕೂರಿಸಿದಳು, ಚುಕ್ಕೆ ಮಡಿಕೆಯ ಅಂಚಿಗೆ ಬಂತು, ಅಳಿಸಿ ಮೇಲೆ ಇನ್ನೊಂದು. ನಿಲ್ಲಿಸಿ, ಬೆಲ್ಟು ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದಳು. "ಈಗ ನಿಮ್ಮ ಕೆಲಸ ಮಾಡಿ ತೋರಿಸಿ" ಎಂದಾಗ ಮಾಸ್ತರು ಮಂಚದ ಅಂಚಿಗೆ ಕೂತು, ಇಲ್ಲದ ಮಷೀನಿನ ಮೇಲೆ ಬಗ್ಗಿ, ಇಲ್ಲದ ಬಟ್ಟೆ ಸರಿಸಿ, ಕಾಲಿನಲ್ಲಿ ಪೆಡಲು ತುಳಿದರು. ಚುಕ್ಕೆ ಮಡಿಕೆಯಿಂದ ದೂರವೇ ಉಳಿಯಿತು. "ನಿಮ್ಮ ಕಣ್ಣಿಗೆ ಕಾಣ್ತಾ ಇದ್ಯಾ?" ಕಾಣುತ್ತಿತ್ತು. ಅಷ್ಟರಲ್ಲಿ ಸರ್ಜನ್ ಬಂದರು, ತಾವೂ ಒಮ್ಮೆ ಕೂರಿಸಿ, ನಿಲ್ಲಿಸಿ ನೋಡಿ, ತಲೆಯಾಡಿಸಿದರು. ಸಿಸ್ಟರ್ ಚುಕ್ಕೆಯ ಸುತ್ತ ಗಟ್ಟಿಯಾಗಿ ಒಂದು ಉಂಗುರ ಬರೆದಳು.

"ಮುಗೀತಾ?" ಎಂದರು ಮಾಸ್ತರು.

"ಮುಗೀತು."

"ಇಷ್ಟೇನಾ?"

"ಇಷ್ಟೇ."

ಮಾಸ್ತರು ಗಡಿಯಾರ ನೋಡಿದರು.

"ನಾಲ್ಕು ನಿಮಿಷ" ಎಂದರು. ದನಿ ಮೊದಲು ಸಣ್ಣಗಿತ್ತು, ಆಮೇಲೆ ಏರಿತು. "ನಾಲ್ಕೇ ನಾಲ್ಕು ನಿಮಿಷ ಡಾಕ್ಟ್ರೇ! ಎರಡು ದಿನ ಮಲಗಿದ್ದೆ ನಾನು ಇಲ್ಲಿ. ಎರಡು ದಿನದಲ್ಲಿ ನಾಲ್ಕು ನಿಮಿಷ ಸಿಗಲಿಲ್ವಾ ನಿಮಗೆ? ನನ್ನ ಚರ್ಮ ಸುಟ್ಟು ಹೋಯ್ತು. ಅಂಗಡಿ ಹೋಯ್ತು. ಮೂವತ್ತೈದು ವರ್ಷದ ಗಿರಾಕಿ ಮೂಗು ಮುಚ್ಕೊಂಡು ಹೋದ್ರು. ನಾಲ್ಕು ನಿಮಿಷಕ್ಕೆ!"

ಪಕ್ಕದ ಹಾಸಿಗೆಯವರು ಎದ್ದು ಕೂತರು. ಸರ್ಜನ್ ಬಾಗಿಲ ಕಡೆ ನೋಡಿದರು. ಹೋಗಿಬಿಡುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಹೋಗಲಿಲ್ಲ. ಮಂಚದ ಅಂಚಿಗೆ, ಮಾಸ್ತರ ಪಕ್ಕದಲ್ಲೇ ಕೂತರು.

"ತಪ್ಪಾಯ್ತು ಮಾಸ್ಟ್ರೇ. ಅವತ್ತು ಕೂರಿಸಿ ನೋಡ್ಬೇಕಿತ್ತು. ನೋಡ್ಲಿಲ್ಲ."

ಎರಡು ತಿಂಗಳಿಂದ ಕೇಳಬೇಕೆಂದು ಹಲ್ಲು ಕಚ್ಚಿ ಕಾದಿದ್ದ ಮಾತು. ಕೇಳಿದ ಮೇಲೆ ಎದೆ ತಣ್ಣಗಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ. ಆದರೂ ಗೆದ್ದವರ ಹಾಗೆ, ಮಂಚದ ಆಚೆ ಬದಿಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಕಡೆ ತಿರುಗಿದರು.

"ಕೇಳಿದ್ಯೇನೇ? ಒಪ್ಕೊಂಡ್ರು! ಬಾಯ್ಬಿಟ್ಟು ಒಪ್ಕೊಂಡ್ರು!"

"ಕೇಳಿಸ್ತು" ಎಂದಳು ಆಕೆ. ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟಳು. "ಅವರು ಹೇಳಿದ್ರು. ನೀವು ಯಾವಾಗ ಹೇಳ್ತೀರಿ?"

"ನಾನಾ? ನಾನೇನು..."

"ಏಳು ತಿಂಗಳು ನನ್ನ ಕೈ ಸರಿಯಿಲ್ಲ ಅಂದ್ರಿ. ಮನಸ್ಸು ಸರಿಯಿಲ್ಲ ಅಂದ್ರಿ. ನಂಗೆ ಅಸಹ್ಯ ಅಂದ್ರಿ." ಆಕೆಯ ದನಿ ಏರಲಿಲ್ಲ, ಆದರೆ ಒಂದೊಂದು ಮಾತೂ ಕತ್ತರಿಸಿಟ್ಟಂತಿತ್ತು. "ನೀವು ಹೇಳಿದ್ದನ್ನ ನಾನು ನಂಬಿದೆ ರೀ. ಕೈ ಕೆಟ್ಟೋಯ್ತು, ಕಣ್ಣು ಮಂಜಾಗಿದೆ ಅಂದ್ಕೊಂಡೆ. ನಿಮಗೆ ಹೇಳ್ದೆ ಕಣ್ಣಿನ ಡಾಕ್ಟ್ರ ಹತ್ರ ಹೋಗಿ ತೋರಿಸ್ಕೊಂಡು ಬಂದೆ. ಏನೂ ಆಗಿಲ್ಲಮ್ಮ ಅಂದ್ರು. ಆಗ ಇನ್ನೂ ಭಯ ಆಯ್ತು. ಕಣ್ಣು ಚೆನ್ನಾಗಿದ್ದೂ ನೆಟ್ಟಗೆ ಕತ್ತರಿಸೋಕೆ ಆಗ್ತಿಲ್ಲ ಅಂದ್ರೆ ನಿಜವಾಗ್ಲೂ ನಂಗೆ ನಿಮ್ಮ ಮೇಲೆ ಅಸಹ್ಯ ಬಂದಿದ್ಯೇನೋ ಅಂತ, ನನ್ನ ಮೇಲೆ ನಾನೇ ಅನುಮಾನ ಪಟ್ಟೆ."

ಸಿಸ್ಟರ್ ಪೆನ್ನಿನ ಮುಚ್ಚಳ ಹಾಕುವುದನ್ನು ಮರೆತು ನಿಂತಿದ್ದಳು. ಸರ್ಜನ್ ಏಳಲೂ ಆಗದೆ ಕೂರಲೂ ಆಗದೆ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ಕಟಿಂಗ್ ತಪ್ಪು ಅಂತ ಕನ್ನಡೀಲಿ ಗೊತ್ತಾಗಿ ಎರಡು ತಿಂಗಳಾಯ್ತು. ಅವತ್ತಾದ್ರೂ ಒಂದು ಮಾತು ಹೇಳ್ತೀರೇನೋ ಅಂತ ಕಾದೆ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ಈ ಡಾಕ್ಟ್ರ ಬಾಯಿಂದ ಹೊರಡಿಸೋಕೆ ಎರಡು ತಿಂಗಳು ಓಡಾಡಿದ್ರಲ್ಲ, ನಿಮ್ಮ ಬಾಯಿ ಎಲ್ಲಿಗೆ ಹೋಗಿತ್ತು?"

ಮಾಸ್ತರು ಬಾಯಿ ತೆರೆದರು. ಸಿಟ್ಟು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಹುಡುಕಿದರೂ ಸಿಟ್ಟು ಸಿಗಲಿಲ್ಲ. ನೆಲ ನೋಡುತ್ತಾ, ಗಂಟಲಲ್ಲೇ ಏನೋ ಗೊಣಗಿದರು.

"ಕೇಳಿಸ್ಲಿಲ್ಲ" ಎಂದಳು ಆಕೆ. "ಗಟ್ಟಿಯಾಗಿ ಹೇಳಿ. ಬೈಯೋವಾಗ ಇಸ್ತ್ರಿ ಅಂಗಡಿಗೂ ಕೇಳ್ತಿತ್ತು."

ಮಾಸ್ತರು ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಎದ್ದು ನಿಂತರು. "ತಪ್ಪಾಯ್ತು ಕಣೇ!" ಎಂದರು, ಬೈಯುವಾಗಿನ ಅದೇ ದನಿಯಲ್ಲಿ. ಎಂಟು ಹಾಸಿಗೆಯವರೂ ತಿರುಗಿ ನೋಡಿದರು, ಕಾರಿಡಾರಿನಲ್ಲಿ ಹೋಗುತ್ತಿದ್ದ ಯಾರೋ ಬಾಗಿಲಲ್ಲಿ ಇಣುಕಿದರು. ಆಕೆ ಅಷ್ಟಕ್ಕೇ ಕರಗಲಿಲ್ಲ. "ಇನ್ನೊಂದ್ಸಲ" ಎಂದಳು. ಅವರು ಇನ್ನೊಂದು ಸಲವೂ ಹೇಳಿದರು.